ಮೊಟ್ಟೆಪೆಟ್ಟಿಗೆಯ ಇಳಿಜಾರು

"ನಿಮ್ಮ ಕೈ ಯಾಕೆ ಹೀಗೆ ನಡುಗ್ತಿದೆ?"

ಪರಿಚಯಕ್ಕೆಂದು ಚಾಚಿದ ಕೈಯನ್ನು ಬಿಡದೆಯೇ ಸಮೀಕ್ಷಾ ಕೇಳಿದಳು. ಅಕ್ಸ್‌ಬ್ರಿಡ್ಜಿನ ಕಾಲುವೆ ಪಕ್ಕದ ಆ ಶೆಡ್ಡಿನಲ್ಲಿ ಚೈನಿನ ಎಣ್ಣೆಯ ವಾಸನೆಯಿತ್ತು, ಯಾರೋ ಟೈರಿಗೆ ಗಾಳಿ ಹೊಡೆಯುವ ಸದ್ದಿತ್ತು. ಎದುರಿಗಿದ್ದವನ ಉಸಿರು ಮಾತ್ರ ಕೇಳಿಸುತ್ತಿರಲಿಲ್ಲ. ಬಿಗಿಹಿಡಿದು ನಿಂತಿದ್ದ.

"ಚಳಿ ರೀ," ಅಂದ ಕೊನೆಗೆ.

ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಲಂಡನ್ನಿನವರು ಜಾಕೆಟ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಓಡಾಡುವ ದಿನ. ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಯಾಕೆ ಎಂಬುದನ್ನು ಮಾತ್ರ ತಪ್ಪು ತಿಳಿದುಕೊಂಡಳು. ಕಣ್ಣಿಲ್ಲದವಳ ಕೈ ಹಿಡಿಯಲು ಅಂಜುವವರನ್ನು ಈ ಎರಡು ವರ್ಷದಲ್ಲಿ ಅವಳು ಬೇಕಾದಷ್ಟು ಕಂಡಿದ್ದಳು.

"ಹೆದರ್ಬೇಡಿ. ಕುರುಡು ಅಂಟುರೋಗ ಅಲ್ಲ," ಎಂದು ಕೈ ಬಿಟ್ಟಳು.

ಅವನ ಹೆಸರು ಋಷಿಕೇಶ್. ಧಾರವಾಡದ ಕಡೆಯವನು, ಪಿನ್ನರ್‌ನಲ್ಲಿ ಒಬ್ಬನೇ ಇರುತ್ತಿದ್ದ, ರೈಲು ಸೇತುವೆಗಳ ಬಿರುಕು ಪರೀಕ್ಷಿಸುವ ಆಫೀಸೊಂದರಲ್ಲಿ ಕೆಲಸ. ಕಣ್ಣಿಲ್ಲದವರನ್ನು ಜೋಡಿ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹಳ್ಳಿದಾರಿ ಸುತ್ತಿಸುವ ಸಂಘವೊಂದು ಅಲ್ಲಿತ್ತು. ಅದಕ್ಕೆ ಇವನು ತಾನಾಗಿ ಬಂದು ಹೆಸರು ಕೊಟ್ಟಿದ್ದ. ಮುಂದಿನ ಸೀಟಿನಲ್ಲಿ ಕಣ್ಣಿದ್ದವನು, ಹಿಂದಿನ ಸೀಟಿನಲ್ಲಿ ಇಲ್ಲದವಳು. ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಮುಂದಿನವನ ಕೈಯಲ್ಲಿ. ಹಿಂದಿನವಳಿಗೆ ಇರುವುದು ಎರಡು ಕಾಲು ಮತ್ತು ನಂಬಿಕೆ.

ನಂಬಿಕೆ ಎಂಬ ವಸ್ತು ಸಮೀಕ್ಷಾಳ ಹತ್ತಿರ ಅಷ್ಟಾಗಿ ಉಳಿದಿರಲಿಲ್ಲ. ಹಾಗಾಗಿ ಮೊದಲೇ ಕಾನೂನು ಹೇಳಿದಳು.

"ಮುಂದೆ ಏನಿದ್ರೂ ಬಾಯಿಬಿಟ್ಟು ಹೇಳ್ಬೇಕು. ತಿರುವು, ಬ್ರೇಕು, ಎಲ್ಲ. ಮುಖ್ಯವಾಗಿ ಗುಂಡಿ. ಗುಂಡಿ ಅಂದ ತಕ್ಷಣ ನಾನು ಸೀಟಿಂದ ಎದ್ದು ನಿಲ್ತೀನಿ. ಹೇಳದೇ ಹಾರಿಸಿದ್ರೆ ಅವತ್ತೇ ಕೊನೆ. ಒಬ್ಬ ಹೇಳದೇ ಇದ್ದಿದ್ದಕ್ಕೇ ನಾನು ಹೀಗಿರೋದು."

"ಹೇಳ್ತೀನ್ರೀ," ಅಂದ ಅವನು. "ಪ್ರತಿಯೊಂದೂ ಹೇಳ್ತೀನಿ."

ಅವಳು ಹೀಗಾದದ್ದು ಹೇಗೆಂದು ಹೇಳಿಬಿಡುತ್ತೇನೆ.

ಕ್ವೀನ್ಸ್‌ಬರಿಯಲ್ಲಿ ಸಣ್ಣದೊಂದು ಹೋಟೆಲು ನಡೆಸುವ ಕುಂದಾಪುರದ ಮಂಜಯ್ಯ ಮತ್ತು ಗುಣವತಿಯ ಒಬ್ಬಳೇ ಮಗಳು ಸಮೀಕ್ಷಾ. ಆಫೀಸು, ಕೈತುಂಬ ಸಂಬಳ, ಸುಮಿತ್ ಎಂಬವನ ಜೊತೆ ನಿಶ್ಚಿತಾರ್ಥ, ಎಲ್ಲ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಭಾನುವಾರ ಇತ್ತು. ಭಾನುವಾರ ಬೆಳಿಗ್ಗೆ ಪಿನ್ನರ್ ಸ್ಟೇಷನ್ನಿನ ಮುಂದೆ ಸೇರುವ ಕನ್ನಡದವರ ಸೈಕಲ್ ಗುಂಪಿಗೆ ಅವಳೇ ಯಜಮಾನಿ. ಯಾವ ಹಳ್ಳಿಯ ದಾರಿ, ಎಲ್ಲಿ ಏರು, ಎಲ್ಲಿ ಚಹಾ, ಎಲ್ಲ ಅವಳು ಹೇಳಿದಂತೆ. ಬಾಯಿ ಮಾತ್ರ ಬಲು ಜೋರು. ಸಾಲು ತಪ್ಪಿದವರನ್ನು ಎಲ್ಲರೆದುರಿಗೇ ಝಾಡಿಸುತ್ತಿದ್ದಳು. ಬೈಸಿಕೊಂಡವರು ಮುಂದಿನ ವಾರ ಮತ್ತೆ ಬರುತ್ತಿದ್ದರು. ದಾರಿ ಗೊತ್ತಿದ್ದದ್ದು ಅವಳಿಗೇ ತಾನೆ.

ಸಾಲಾಗಿ ಸೈಕಲ್ ಹೊಡೆಯುವವರಲ್ಲಿ ಒಂದು ಕಟ್ಟಳೆಯಿದೆ. ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದ್ದರಿಂದ ಗುಂಡಿ ಕಂಡವನು ಹ್ಯಾಂಡಲ್ಲಿನಿಂದ ಒಂದು ಕೈ ಎತ್ತಿ ನೆಲಕ್ಕೆ ಬೆರಳು ತೋರಿಸಬೇಕು. ಅವನ ಹಿಂದಿನವನೂ ಹಾಗೇ ಮಾಡಬೇಕು. ಕೈಯಿಂದ ಕೈಗೆ ಸುದ್ದಿ ಕೊನೆಯವನ ತನಕ ಹೋಗಬೇಕು. ನಡುವೆ ಒಬ್ಬ ಸುಮ್ಮನಾದರೆ ಅವನ ಹಿಂದಿದ್ದವರ ಗತಿ ಮುಗಿಯಿತು.

ಚಾಲ್‌ಫಂಟ್ ದಾಟಿದ ಮೇಲೆ ಒಂದು ಏರು ಬರುತ್ತದೆ. ಅದರ ತುದಿಯಲ್ಲಿ ಒಂದು ಫಾರ್ಮಿನ ಗೇಟು, ಗೇಟಿಗೆ ಕಟ್ಟಿದ ಮರದ ಪೆಟ್ಟಿಗೆ. ಅದರಲ್ಲಿ ಮೊಟ್ಟೆ ಇಟ್ಟಿರುತ್ತಾರೆ, ಕಾಯುವವರಿಲ್ಲ. ಬೇಕಾದವರು ತೆಗೆದುಕೊಂಡು ಡಬ್ಬಿಗೆ ಕಾಸು ಹಾಕಿ ಹೋಗಬೇಕು. ಅಲ್ಲಿಂದಾಚೆ ಬೇಲಿಗಳ ನಡುವೆ ಧುಮುಕುವ ಕಿರಿದಾದ ರಸ್ತೆಗೆ ಗುಂಪಿನವರು ಮೊಟ್ಟೆಪೆಟ್ಟಿಗೆ ಇಳಿಜಾರು ಎಂದೇ ಹೆಸರಿಟ್ಟಿದ್ದರು.

ಆ ಇಳಿಜಾರಿನಲ್ಲಿ ಅವಳ ಮುಂದಿದ್ದವನು ಗುಂಡಿ ತೋರಿಸಲಿಲ್ಲ.

ಅವಳ ಸೈಕಲ್ಲು ಪಲ್ಟಿಯಾಯಿತು, ತಲೆ ಕಲ್ಲಿಗೆ ಬಡಿಯಿತು. ಎಚ್ಚರವಾದಾಗ ಕಣ್ಣಿನ ನರ ಸತ್ತಿತ್ತು. ಆ ಬೆಳಗಿನ ನೆನಪೂ ಅಳಿಸಿಹೋಗಿತ್ತು. ಯಾರ ಜೊತೆ ಹೊರಟೆ, ಏನು ಮಾತಾಡಿದೆ, ತನ್ನ ಮುಂದೆ ಯಾರಿದ್ದರು, ಒಂದೂ ಇಲ್ಲ. ಸುಮಿತ್ ಕೆಲವು ಸಲ ಆಸ್ಪತ್ರೆಗೆ ಹಣ್ಣು ತಂದ. ಆಮೇಲೆ ಅವನ ತಾಯಿಗೆ ಹುಷಾರಿಲ್ಲ ಎಂಬ ಮೆಸೇಜು ಬಂತು. ಆಮೇಲೆ ಅದೂ ಬರಲಿಲ್ಲ.

ಅದನ್ನೆಲ್ಲ ಹೇಗೋ ನುಂಗಿದಳು. ನುಂಗಲಾಗದೆ ಉಳಿದದ್ದು ಒಂದೇ. ನನ್ನ ಮುಂದಿದ್ದವನು ಯಾರು?

ಗುಂಪಿನ ಪ್ರತಿಯೊಬ್ಬರಿಗೂ ಫೋನು ಮಾಡಿ ಕೇಳಿದಳು. ಮುಂದಿನವನು ಗುಂಡಿ ತೋರಿಸಲಿಲ್ಲ ಎಂಬಷ್ಟು ಗೊತ್ತು, ಅವನು ಯಾರೆಂದರೆ ಎಲ್ಲರಿಗೂ ಮರೆವು! ಅವಳ ಹಿಂದೆಯೇ ಬರುತ್ತಿದ್ದ ಜೀವದ ಗೆಳತಿ ವೈದೇಹಿ ಕೂಡ ಗಮನಿಸಲಿಲ್ಲ ಅಂದಳು. ಗುಂಪು ಒಡೆದುಹೋಯಿತು. ಪ್ರಶ್ನೆ ಮಾತ್ರ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವನು ಸಿಗಬೇಕು, ಅವನ ಹೆಸರು ಬೇಕು, ಅವನು ತನ್ನ ಮುಂದೆ ನಿಂತು ಕೇಳಿಸಿಕೊಳ್ಳಬೇಕು. ಅಷ್ಟಾದ ಮೇಲೆ ಸತ್ತರೂ ಚಿಂತೆಯಿಲ್ಲ ಎಂದುಕೊಂಡಿದ್ದಳು.

ಇಷ್ಟು ಓದಿದ ನಿಮಗೆ ಆ ನಡುಗುವ ಕೈಯ ಮೇಲೆ ಅನುಮಾನ ಬಂದಿರಬೇಕು. ಬಂದಿದ್ದರೆ ಅದು ಸರಿಯೇ. ಮುಂದಿದ್ದವನು ಅವನೇ.

*

ಅವನು ಮಾತು ಉಳಿಸಿಕೊಂಡ. ಅತಿಯಾಗಿಯೇ ಉಳಿಸಿಕೊಂಡ.

"ತಗ್ಗು." "ಸಣ್ಣ ತಗ್ಗು." "ಎಡಕ್ಕ ಕಲ್ಲು." "ಎಲಿ ಬಿದ್ದಾವ, ಹಸಿ ಅದಾವ." ಹೇರ್‌ಫೀಲ್ಡ್ ತಲುಪುವಷ್ಟರಲ್ಲಿ ಅವಳಿಗೆ ಕೂತು ಎದ್ದು ಸಾಕಾಗಿಹೋಯಿತು. ರೂಪಾಯಿ ಗಾತ್ರದ ಗುಂಡಿಯನ್ನೂ ಬಿಡುತ್ತಿರಲಿಲ್ಲ. ಇಷ್ಟು ಹೆದರುವ ಗಂಡಸನ್ನು ನಾನು ಕಂಡಿಲ್ಲ ಎಂದು ಅವಳು ಹಂಗಿಸಿದರೆ, "ಹೌದ್ರೀ, ಹೆದರಿಕಿ ಜಾಸ್ತಿ," ಎಂದು ಒಪ್ಪಿಕೊಳ್ಳುತ್ತಿದ್ದ.

ಆದರೆ ಆ ಬಾಯಿ ಗುಂಡಿ ಮಾತ್ರ ಹೇಳುತ್ತಿರಲಿಲ್ಲ. ಬೇಲಿಯಲ್ಲಿ ಬಿಳಿ ಹೂ ತುಂಬಿದೆ ಅನ್ನುತ್ತಿತ್ತು. ಕುದುರೆಯ ಮೇಲೆ ಕೂತ ಅಜ್ಜಿಯೊಬ್ಬಳು ನಿಮ್ಮನ್ನೇ ನೋಡುತ್ತಿದ್ದಾಳೆ, ನಗಿರಿ ಅನ್ನುತ್ತಿತ್ತು. ಸಾಸಿವೆಯಂಥ ಹಳದಿ ಹೊಲ ಬಂದಾಗ, "ನಮ್ಮ ಕಡೆ ಸೂರ್ಯಕಾಂತಿ ಹೊಲ ಇರ್ತಾವಲ್ರೀ, ಅದರ ತಂಗಿ ಇದ್ದಂಗ ಅದ," ಅನ್ನುತ್ತಿತ್ತು. ಆ ಸಲ ಅವಳು ನಕ್ಕುಬಿಟ್ಟಳು. ಎರಡು ವರ್ಷದ ಮೇಲೆ ಬಂದ ನಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಸವಾರಿ ಮುಗಿದ ಮೇಲೆ ಅವನು ಕಾರಿನಲ್ಲಿ ಕ್ವೀನ್ಸ್‌ಬರಿಗೆ ಬಿಡುತ್ತಿದ್ದ. ಮಂಜಯ್ಯನವರು ಬಿಡಬೇಕಲ್ಲ, ಕೂರಿಸಿ ನೀರುದೋಸೆ ಬಡಿಸುತ್ತಿದ್ದರು. ಮಗಳ ಮುಖದಲ್ಲಿ ಬಣ್ಣ ಬಂದದ್ದು ಈ ಹುಡುಗನಿಂದ ಎಂದು ಅವರಿಗೆ ಗೊತ್ತಿತ್ತು. ಗುಣವತಿ ಮಾತು ಕಡಿಮೆ ಆಡುವ ಹೆಂಗಸು, ಆದರೆ ಇವನ ತಟ್ಟೆಗೆ ಬೆಲ್ಲ ಕಾಯಿ ಒಂದು ಹಿಡಿ ಜಾಸ್ತಿಯೇ ಬೀಳುತ್ತಿತ್ತು. ಅವನು ತಲೆತಗ್ಗಿಸಿ ತಿನ್ನುತ್ತಿದ್ದ.

ಜೋಡಿ ಸೈಕಲ್ಲಿನ ಗುಣವೊಂದಿದೆ. ಎರಡು ಜೊತೆ ಪೆಡಲುಗಳೂ ಒಟ್ಟಿಗೇ ತಿರುಗುತ್ತವೆ. ಮುಂದಿನವನು ತಡವರಿಸಿದರೆ ಹಿಂದಿನವಳ ಕಾಲಿಗೆ ಗೊತ್ತಾಗುತ್ತದೆ. ಅವನಿಗೆ ದಣಿವಾದದ್ದು, ಅವನು ಖುಷಿಯಾಗಿದ್ದದ್ದು, ಹೇಳಬೇಕೆಂದುಕೊಂಡ ಮಾತನ್ನು ನುಂಗಿದ್ದು, ಎಲ್ಲ ಅವಳಿಗೆ ಪಾದದಿಂದ ತಿಳಿಯತೊಡಗಿತು. ಅವನ ಬೆನ್ನಿನ ಹಿಂದೆ ಕೂತು ಅವಳು ಆ ತಿಳುವಳಿಕೆಯನ್ನು ಪ್ರೀತಿಸತೊಡಗಿದಳು. ಹೌದು, ಪ್ರೀತಿಯೇ. ತನಗೆ ತಾನೇ ಒಪ್ಪಿಕೊಳ್ಳಲು ಮಾತ್ರ ಬೇಸಿಗೆ ಅರ್ಧ ಕಳೆಯಬೇಕಾಯಿತು.

ಮತ್ತು ಪ್ರತಿ ಭಾನುವಾರ, ಯಾವುದಾದರೂ ಇಳಿಜಾರಿನಲ್ಲಿ, ಅವಳು ಆ ಇನ್ನೊಬ್ಬನನ್ನು ಶಪಿಸುತ್ತಿದ್ದಳು. ಒಂದು ಬೆರಳು ತೋರಿಸಲು ಸೋಮಾರಿತನ ಮಾಡಿದ ಕೈ ಅದು, ಆ ಕೈಗೆ ಲಕ್ವ ಹೊಡೆಯಲಿ ಅನ್ನುತ್ತಿದ್ದಳು. ಅವನಿಗೆ ಮಕ್ಕಳಾದರೆ ಅವುಗಳ ಮುಖ ಅವನಿಗೆ ಕಾಣದಿರಲಿ ಅನ್ನುತ್ತಿದ್ದಳು. ತಾನು ಪ್ರೀತಿಸುವ ಬೆನ್ನಿಗೇ ಅದನ್ನೆಲ್ಲ ಹೇಳುತ್ತಿದ್ದೇನೆಂದು ಅವಳಿಗೇನು ಗೊತ್ತು? ಆಗೆಲ್ಲ ಪೆಡಲು ಒಂದು ಕ್ಷಣ ತಡೆಯುತ್ತಿತ್ತು. ನನ್ನ ಸಂಕಟ ಇವನಿಗೆ ಎಷ್ಟು ನಾಟುತ್ತದೆ ಎಂದುಕೊಂಡು ಅವಳು ಇನ್ನಷ್ಟು ಕರಗುತ್ತಿದ್ದಳು.

*

"ಒಂದ್ಸಲ ಮೊಟ್ಟೆಪೆಟ್ಟಿಗೆಗೆ ಹೋಗೋಣ," ಎಂದು ಅವಳು ಜೂನ್‌ನಲ್ಲಿ ಕೇಳಿದಳು. ಬಿದ್ದ ಜಾಗಕ್ಕೆ ಹೋದರೆ ಆ ಬೆಳಗು ನೆನಪಾದೀತು, ಮುಂದಿದ್ದವನ ಬೆನ್ನಾದರೂ ಕಣ್ಣಿಗೆ ಕಟ್ಟೀತು ಎಂಬ ಆಸೆ.

ಅವನು ಆಯ್ತ್ರೀ ಅಂದ. ಮುಂದಿನ ಭಾನುವಾರ ಚಾಲ್‌ಫಂಟ್ ದಾಟಿ ಒಂದು ಏರು ಹತ್ತಿಸಿ, ಇದೇ ನೋಡ್ರಿ ಮೊಟ್ಟಿ ಪೆಟಿಗಿ ಅಂದ.

ಅದು ಆ ಏರಲ್ಲ. ಮೊಟ್ಟೆಪೆಟ್ಟಿಗೆಯ ಏರು ಮೊದಲು ಕಡಿದಾಗಿ ಹತ್ತಿ, ಫಾರ್ಮಿನ ಗೋಡೆಯ ಹತ್ತಿರ ಸಮವಾಗಿ, ಮತ್ತೆ ಕಡಿದಾಗುತ್ತದೆ. ಈ ಏರು ಉದ್ದಕ್ಕೂ ಒಂದೇ ಸಮ. ಕಣ್ಣು ಹೋದರೂ ತೊಡೆಗಳ ನೆನಪು ಎಲ್ಲಿ ಹೋಗುತ್ತದೆ?

ಕರುಣೆಯಿಂದ ಹೀಗೆ ಮಾಡಿದನೇನೋ ಎಂದು ಆ ಸಲ ಬಿಟ್ಟಳು. ಮತ್ತೆ ಕೇಳಿದಳು, ಮತ್ತೆ ಅದೇ ಸುಳ್ಳು ಏರು. ಮೂರನೆಯ ಸಲ ತುದಿಯಲ್ಲಿ ಸೈಕಲ್ ನಿಲ್ಲಿಸಲು ಹೇಳಿದಳು.

"ಅಮ್ಮನಿಗೆ ಮೊಟ್ಟೆ ತಗೊಂಡು ಹೋಗೋಣ."

"ಪೆಟಿಗಿ ಖಾಲಿ ಅದ ರೀ ಇವತ್ತು."

"ಪರವಾಗಿಲ್ಲ. ನನ್ನ ಕೈನ ಆ ಪೆಟ್ಟಿಗೆ ಮೇಲಿಡಿ."

ಗಾಳಿ ಬೀಸಿತು. ಎಲ್ಲೋ ಮೇಲೆ ಹದ್ದು ಸಿಳ್ಳೆ ಹಾಕಿತು. ಅವನು ಅಲುಗಲಿಲ್ಲ.

"ಇಲ್ಲಿ ಪೆಟ್ಟಿಗೆ ಇಲ್ಲ," ಅಂದಳು ಅವಳು. ಧ್ವನಿ ಏರಿಸಲಿಲ್ಲ. "ಮೊದಲ ಸಲವೇ ಗೊತ್ತಿತ್ತು. ಕುರುಡಿ ಅಲ್ವಾ, ಏನು ಹೇಳಿದ್ರೂ ನಂಬ್ತಾಳೆ ಅಂದ್ಕೊಂಡ್ರಾ? ಯಾಕೆ ಅಲ್ಲಿಗೆ ಕರ್ಕೊಂಡು ಹೋಗಲ್ಲ? ಕಾರಣ ಹೇಳಿ. ಇಲ್ಲಾಂದ್ರೆ ಇನ್ನು ನಿಮ್ಮ ಹಿಂದೆ ಕೂರಲ್ಲ."

ಅವನು ಸೈಕಲ್ಲನ್ನು ಬೇಲಿಗೆ ಒರಗಿಸಿದ ಸದ್ದು ಕೇಳಿಸಿತು. ಎದುರಿಗೆ ಬಂದು ನಿಂತ.

"ಅವತ್ತ ನಿಮ್ಮ ಮುಂದ ಇದ್ದಾಂವ ನಾನ ರೀ. ತಗ್ಗು ತೋರಸಲಿಲ್ಲ."

ಕ್ಷಣ ಹೊತ್ತು ಅವಳಿಗೆ ಏನೂ ಅನ್ನಿಸಲಿಲ್ಲ. ಹುಡುಕುತ್ತಿದ್ದ ಹೆಸರು ಸಿಕ್ಕಿತ್ತು. ಎರಡು ವರ್ಷ ಕೂಡಿಟ್ಟ ಮಾತುಗಳೆಲ್ಲ ನಾಲಗೆಯ ತುದಿಗೆ ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವನ್ನೆಲ್ಲ ಇದೇ ಬೆನ್ನಿಗೆ ಆಗಲೇ ಹೇಳಿ ಮುಗಿಸಿದ್ದಳು. ಅವನು ಅಷ್ಟನ್ನೂ ಕೇಳಿಸಿಕೊಂಡು ಪೆಡಲು ತುಳಿದಿದ್ದ.

"ಯಾಕೆ ತೋರಿಸ್ಲಿಲ್ಲ?"

"ಹೊಸಬ ಇದ್ದೆ. ಹೆದರಿಕಿ ಆತು."

"ಅಷ್ಟೇನಾ?"

"ಅಷ್ಟ ರೀ."

ಅಷ್ಟೇ! ಅವಳ ಕಣ್ಣಿನ ಬೆಲೆ ಒಬ್ಬ ಅಂಜುಬುರುಕನ ಹೆದರಿಕೆ. ಇವನ ಪ್ರತಿ "ತಗ್ಗು", ಪ್ರತಿ ಹೂವು, ಪ್ರತಿ ಹಳದಿ ಹೊಲ, ಎಲ್ಲ ಪ್ರಾಯಶ್ಚಿತ್ತ. ತಾನು ಅದನ್ನು ಪ್ರೀತಿ ಅಂದುಕೊಂಡೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಆಗ ಅವಳು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಮುಚ್ಚಿಟ್ಟು ಅವಳನ್ನು ಒಳ್ಳೆಯವಳನ್ನಾಗಿ ಮಾಡುವುದು ನನಗೂ ಬೇಕಿಲ್ಲ.

ಏನೂ ಆಗದವಳಂತೆ ಮನೆಗೆ ಬಿಡು ಅಂದಳು. ಹೋಟೆಲಿನ ಬಾಗಿಲಲ್ಲಿ ಅವನು ಹೊರಡುತ್ತೇನೆ ಅಂದರೆ ಬಿಡದೆ ಒಳಗೆ ಕರೆದಳು. ಭಾನುವಾರದ ಊಟದ ಹೊತ್ತು, ಟೇಬಲ್ಲುಗಳೆಲ್ಲ ತುಂಬಿದ್ದವು. ಅರ್ಧಕ್ಕರ್ಧ ಊರ ಕಡೆಯವರೇ. ಮಂಜಯ್ಯನವರು ಎಂದಿನಂತೆ ಬಿಸಿ ದೋಸೆ ತಂದಿಟ್ಟರು. ಅವನು ಒಂದು ತುತ್ತು ಬಾಯಿಗಿಟ್ಟನೆಂದು ಖಾತ್ರಿಯಾಗುವವರೆಗೆ ಕಾದು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಪ್ಪಯ್ಯ, ನನ್ ಕಣ್ಣ್ ತೆಗ್ದವ್ನ್ ಸಿಕ್ಕಿದ. ನೀವ್ ಬಡ್ಸ್ತಾ ಇಪ್ಪುದ್ ಅವ್ನಿಗೇ."

ತಟ್ಟೆ ಚಮಚಗಳ ಸದ್ದು ನಿಂತಿತು. ಮಂಜಯ್ಯನವರ ಕೈಯಿಂದ ಸೌಟು ಬಿತ್ತು. ಯಾರೋ ಯಾರಿಗೋ ಪಿಸುಗುಟ್ಟಿದರು. ಋಷಿಕೇಶ್ ಏಳಲು ಹೋದಾಗ ಕುರ್ಚಿ ಕಿರುಗುಟ್ಟಿತು. ಗುಣವತಿ ಅಡುಗೆಮನೆಯಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದರು.

"ಉಂಡ್ಕಂಡ್ ಹೋಗ್ ಮಗಾ," ಅಂದರು. "ಇನ್ನ್ ಬಪ್ಪುದ್ ಬ್ಯಾಡ."

ಹೀಗೆ ಉಣ್ಣಿಸಿ ಇನ್ನು ಬರಬೇಡ ಅನ್ನುವ ಬದಲು ಬೈದು ಅಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅಷ್ಟು ಜನರ ಕಣ್ಣೆದುರು ಅವನು ಆ ದೋಸೆಯನ್ನು ಪೂರ್ತಿ ತಿಂದ. ನೀರು ಕುಡಿದ. ಸಮೀಕ್ಷಾ ಎದುರಿಗೇ ಕೂತು ಅವನು ಅಗಿಯುವ ಸದ್ದನ್ನು ಕೊನೆಯವರೆಗೆ ಕೇಳಿಸಿಕೊಂಡಳು. ಹೋಗುವಾಗ ಅವನು, "ಬರ್ತೀನ್ರೀ" ಎಂದು ಬಾಯಿತಪ್ಪಿ ಹೇಳಿ ಅಲ್ಲೇ ನಿಲ್ಲಿಸಿದ.

*

ಗೆದ್ದೆ ಎಂದುಕೊಂಡಿದ್ದಳು. ಗೆದ್ದವರಿಗೆ ರಾತ್ರಿ ನಿದ್ದೆ ಬರುತ್ತದಂತೆ, ಅವಳಿಗೆ ಬರಲಿಲ್ಲ. ಭಾನುವಾರಗಳು ಮೊದಲಿಗಿಂತ ಉದ್ದವಾದವು. ಬಸ್ಸು ರಸ್ತೆಯ ಗುಂಡಿಗೆ ಇಳಿದಾಗ ಮೈ ತಾನಾಗಿ ಏಳಲು ನೋಡುತ್ತಿತ್ತು, ಯಾರೂ ತಗ್ಗು ಅನ್ನುತ್ತಿರಲಿಲ್ಲ. ಅವನನ್ನು ದ್ವೇಷಿಸಲು ಕೂತರೆ ಕುದುರೆಯ ಮೇಲಿನ ಅಜ್ಜಿ ನೆನಪಾಗುತ್ತಿದ್ದಳು. ದರಿದ್ರ ಮನಸ್ಸು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆಗಸ್ಟ್‌ನಲ್ಲಿ ವೈದೇಹಿ ಬಂದಳು. ಹೋಟೆಲಿನ ಮೇಲಿನ ಕೋಣೆಯಲ್ಲಿ ಇಬ್ಬರೇ ಕೂತಿದ್ದಾಗ ಸಮೀಕ್ಷಾ ಎಲ್ಲ ಹೇಳಿದಳು. ಹೇಗೆ ಹಿಡಿದೆ, ಹೇಗೆ ಊಟದ ತಟ್ಟೆಯ ಮುಂದೆ ಕೂರಿಸಿ ಮಾನ ಕಳೆದೆ. ನೀವೆಲ್ಲ ಮುಚ್ಚಿಟ್ಟಿರಿ, ಕೊನೆಗೆ ಅವನ ಬಾಯಿಂದಲೇ ಬಂತು ಎಂದು ಚುಚ್ಚಿದಳು.

ವೈದೇಹಿ ಕಪ್ಪನ್ನು ಕೆಳಗಿಟ್ಟಳು.

"ಹೆದರಿಕೆ ಆಯ್ತು ಅಂದನಾ? ಅಷ್ಟೇ ಹೇಳಿದ್ನಾ?"

"ಇನ್ನೇನಿದೆ ಹೇಳೋಕೆ?"

ವೈದೇಹಿ ಎದ್ದು ಕಿಟಕಿಯ ಹತ್ತಿರ ಹೋದಳು, ಮತ್ತೆ ಬಂದು ಕೂತಳು. ಆಮೇಲೆ ಹೇಳಿದಳು. ಆ ಬೆಳಿಗ್ಗೆ ಅವನು ಮೊದಲ ಸಲ ಗುಂಪಿಗೆ ಬಂದಿದ್ದ. ಹೊಸಬನ ಮೇಲೆ ಕಣ್ಣಿಡಬೇಕೆಂದು ಸಮೀಕ್ಷಾ ತಾನೇ ಅವನ ಹಿಂದೆ ನಿಂತಳು. ಹೇರ್‌ಫೀಲ್ಡ್ ಹತ್ತಿರದ ಸಣ್ಣ ಇಳಿಜಾರಿನಲ್ಲಿ ಅವನು ಕಲಿಸಿದಂತೆಯೇ ಒಂದು ಕೈ ಬಿಟ್ಟು ಗುಂಡಿ ತೋರಿಸಿದ. ಒಂದೇ ಕೈಯಲ್ಲಿ ಹ್ಯಾಂಡಲ್ಲು ನಿಲ್ಲದೆ ಸೈಕಲ್ಲು ಓಲಾಡಿತು, ಸಮೀಕ್ಷಾಳ ಚಕ್ರಕ್ಕೆ ತಾಗುವುದರಲ್ಲಿತ್ತು. ಅವಳು ಇಡೀ ಸಾಲನ್ನು ನಿಲ್ಲಿಸಿದಳು.

"ಎಲ್ಲರ ಮುಂದೆ ಬೈದೆ ಕಣೇ ನೀನು. 'ಇಳಿಜಾರಲ್ಲಿ ಇನ್ನೊಂದ್ಸಲ ಕೈ ಎತ್ತಿದ್ರೆ ನಮ್ಮ ಜೊತೆ ಬರೋದೇ ಬೇಡ. ಏನೇ ಬರ್ಲಿ, ಎರಡೂ ಕೈ ಬ್ರೇಕ್ ಮೇಲಿರ್ಲಿ,' ಅಂದೆ. ಅವನು ಆಯ್ತ್ರೀ ಅಂದ."

ವೈದೇಹಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮೊಟ್ಟೆಪೆಟ್ಟಿಗೇಲಿ ತಿರುವಿತ್ತಲ್ಲ, ನಿನ್ನ ಹಿಂದೆಯಿಂದ ನಂಗೆ ಅವನು ಕಂಡ. ಮುಂದಿನವರು ಗುಂಡಿ ತೋರಿಸಿದ್ರು. ಅವನ ಕೈ ಬ್ರೇಕಿಂದ ಮೇಲೆ ಬಂತು ಸಮಿ. ಬಂದು... ವಾಪಸ್ ಹೋಗಿ ಹಿಡ್ಕೊಂಡ್ತು."

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನೇ ಎಲ್ಲರಿಗೂ ಕೈ ಮುಗಿದನಂತೆ. ಮುಂದಿದ್ದವನು ನಾನೆಂದು ಬೇಕಾದರೆ ಹೇಳಿ, ಅವರು ಬೈದ ಮಾತು ಮಾತ್ರ ಬೇಡ, ಕಣ್ಣು ಹೋದವರ ತಲೆಯ ಮೇಲೆ ಇದನ್ನೂ ಹೊರಿಸಬೇಡಿ ಅಂದನಂತೆ. ಅರ್ಧ ಹೇಳಿ ಅರ್ಧ ಬಿಡಲು ಯಾರಿಗೂ ಬಾಯಿ ಬರಲಿಲ್ಲ, ಹಾಗಾಗಿ ಎಲ್ಲರೂ ಪೂರ್ತಿ ಮರೆತುಬಿಟ್ಟರು.

ಸಮೀಕ್ಷಾಗೆ ಅಳು ಬರಲಿಲ್ಲ. ಎರಡು ವರ್ಷ ಹುಡುಕಿದ ಅಪರಾಧಿಯ ಧ್ವನಿ ತನ್ನದೇ ಆಗಿತ್ತು. ಲಕ್ವ ಹೊಡೆಯಲಿ ಎಂದು ತಾನು ಶಪಿಸಿದ ಕೈ ತನ್ನ ಮಾತನ್ನೇ ಪಾಲಿಸಿತ್ತು. ಆ ಮಾತು ನೆನಪಿಗೂ ಬಾರದು, ಸುಳ್ಳೆನ್ನಲೂ ಆಗದು. ಯಾಕೆಂದರೆ ಅದು ಅಚ್ಚು ಅವಳದೇ ಮಾತು.

ಕೆಳಗೆ ಹೋಗಿ ಅಮ್ಮನಿಗೆ ಹೇಳಿದಳು. ಗುಣವತಿ ತುಂಬ ಹೊತ್ತು ಕಾಯಿ ತುರಿಯುತ್ತಲೇ ಇದ್ದರು.

"ಆ ಮಗಿನತ್ರ ಉಂಡ್ಕಂಡ್ ಹೋಗ್ ಅಂದೆ ಅ‌ಲ್ದಾ ನಾನ್," ಅಂದರು ಕೊನೆಗೆ.

*

ಅವನು ಫೋನು ಎತ್ತಲಿಲ್ಲ. ಮುಂದಿನ ಭಾನುವಾರ ಅವಳು ಬಿಳಿ ಕೋಲು ಹಿಡಿದು ಒಬ್ಬಳೇ ಅಕ್ಸ್‌ಬ್ರಿಡ್ಜಿನ ಶೆಡ್ಡಿಗೆ ಬಂದಳು. ಅವನು ಬರುವುದನ್ನು ಬಿಟ್ಟಿರಲಿಲ್ಲ. ಕಣ್ಣಿಲ್ಲದ ಇಂಗ್ಲಿಷ್ ಮುದುಕರೊಬ್ಬರನ್ನು ಸುತ್ತಿಸಲು ಹೋಗಿದ್ದ. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಕಾದಳು. ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ದಾರಿಯಿಂದ ಇಂಗ್ಲಿಷಿನಲ್ಲಿ ಗುಂಡಿ ಎಣಿಸುತ್ತ ಬರುವ ಆ ಧ್ವನಿ ಕೇಳಿಸಿತು. ಅವಳನ್ನು ಕಂಡೊಡನೆ ನಿಂತಿತು.

"ನನ್ನನ್ನ ಮೊಟ್ಟೆಪೆಟ್ಟಿಗೆಗೆ ಕರ್ಕೊಂಡು ಹೋಗು," ಅಂದಳು. "ನಿಜವಾದ್ದಕ್ಕೆ."

ಅವನು ಆಗುವುದಿಲ್ಲ ಅಂದ. ಅವಳು ಬೆಂಚಿನಿಂದ ಏಳುವುದಿಲ್ಲ ಅಂದಳು. ಹಟದಲ್ಲಿ ಅವಳನ್ನು ಗೆದ್ದವರು ಯಾರಿದ್ದಾರೆ? ಮುದುಕರನ್ನು ಬೀಳ್ಕೊಟ್ಟು, ನೀರು ಕುಡಿದು, ಅವನು ಮತ್ತೆ ಸೈಕಲ್ಲು ಹೊರಗೆ ತಂದ.

ಡೆನ್‌ಹ್ಯಾಮ್, ಚಾಲ್‌ಫಂಟ್. ಅವನು ಗುಂಡಿಗಳನ್ನಷ್ಟೇ ಹೇಳಿದ, ಹೂವು ಹೇಳಲಿಲ್ಲ. ಕಡಿದಾದ ಏರು ಬಂತು, ಸಮವಾಯಿತು, ಮತ್ತೆ ಕಡಿದಾಯಿತು. ಅವಳ ತೊಡೆಗಳು ಗುರುತು ಹಿಡಿದವು.

ತುದಿಯಲ್ಲಿ ಇಳಿದಾಗ ಅವನು ಅವಳ ಕೈಯನ್ನು ಒಂದು ಒರಟು ಹಲಗೆಯ ಮೇಲಿಟ್ಟ. ಪೆಟ್ಟಿಗೆ. ಒಳಗೆ ಮೊಟ್ಟೆಗಳಿದ್ದವು, ಒಂದಕ್ಕೆ ಪುಕ್ಕವೂ ಅಂಟಿತ್ತು.

"ಕೈ ಎತ್ಬೇಡ ಅಂತ ನಾನೇ ಹೇಳಿದ್ದಂತೆ," ಅಂದಳು ಅವಳು, ಕೈ ಪೆಟ್ಟಿಗೆಯ ಮೇಲಿಟ್ಟುಕೊಂಡೇ.

"ನನಗ ನೆನಪಿಲ್ರೀ."

"ನೆನಪಿಲ್ಲದೇ ಇರೋದು ನಂಗೆ. ನಿಂಗಲ್ಲ."

"ನೀವು ಹೇಳಿದ್ದು ತಪ್ಪಲ್ಲ," ಅಂದ. "ಬಾಯಿ ಇತ್ತಲ್ಲ ನನಗ. ಕೈ ಎತ್ತಬ್ಯಾಡ ಅಂದಿದ್ರಿ, ಒದರಬ್ಯಾಡ ಅಂದಿರಲಿಲ್ಲ. ಒದರಬೇಕಾಗಿತ್ತು. ಒದರಲಿಲ್ಲ."

ಅವಳಿಗೆ ಕೇಳಲು ಉಳಿದಿದ್ದ ಪ್ರಶ್ನೆ ಒಂದೇ.

"ಏಪ್ರಿಲ್‌ನಲ್ಲಿ ಯಾಕೆ ಬಂದೆ? ಪಾಪ ತೊಳ್ಕೊಳ್ಳೋಕಾ?"

"ಹೌದ್ರೀ. ಸುಳ್ಳ ಹೇಳಂಗಿಲ್ಲ, ಸುಳ್ಳ ಸಾಕಾಗೇದ. ಆದ್ರ ಆ ಹಳದಿ ಹೊಲದಾಗ ನೀವು ನಕ್ಕಿರಿ. ಅವತ್ತ ಮನಿಗಿ ಹೋದಾಗ ಪಾಪದ ನೆನಪ ಬರಲಿಲ್ಲ, ಬರೇ ನಗಿ ನೆನಪಾತು. ಆವಾಗಿಂದ ಇನ್ನೂ ಹೆದರಿಕಿ. ಗೊತ್ತಾದ ದಿನ ಇವರು ಹೋಗ್ತಾರ ಅಂತ."

ಸಮೀಕ್ಷಾ ಕೈಯನ್ನು ಪೆಟ್ಟಿಗೆಯಿಂದ ತೆಗೆದು ಅವನತ್ತ ಚಾಚಿದಳು. ಅವನ ಬೆರಳು ಸಿಕ್ಕವು. ಈಗಲೂ ನಡುಗುತ್ತಿದ್ದವು.

"ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ ಋಷಿ. ನನ್ನ ಮೇಲಿಂದು ಈಗಷ್ಟೇ ಶುರುವಾಗಿದೆ, ಅದು ಹೋಗುತ್ತೋ ಇಲ್ವೋ ಗೊತ್ತಿಲ್ಲ. ಎರಡನ್ನೂ ಹೊತ್ಕೊಂಡೇ ನಿನ್ನ ಹಿಂದೆ ಕೂರ್ತೀನಿ. ಜಗಳ ಆಡ್ತೀನಿ. ಮತ್ತೆ ಮತ್ತೆ ಇದನ್ನೇ ಎತ್ತಿ ಆಡಿದ್ರೂ ಆಡಬಹುದು. ನಿನ್ನಿಂದ ಆಗುತ್ತಾ?"

"ಆಗ್ತದ್ರೀ."

"ಇನ್ನೂ ಏನು ಆ 'ರೀ'?"

ಅವನು ಅವಳ ಕೈಯನ್ನು ತನ್ನ ಕಣ್ಣಿಗೊತ್ತಿಕೊಂಡ. ಒದ್ದೆಯಾಗಿತ್ತು.

ಇಬ್ಬರೂ ಹತ್ತಿ ಕೂತರು. ಮುಂದೆ ಇಳಿಜಾರು. ಅವಳಿಗೆ ಇಳಿದು ಹೋಗಿಬಿಡಲೇ ಅನ್ನಿಸಿತು.

"ಎರಡೂ ಕೈ ಬ್ರೇಕ್ ಮೇಲಿರ್ಲಿ," ಅಂದಳು. ಹೇಳಿದ ಮೇಲೆ ಆ ಮಾತು ಅವಳ ಮೈಯನ್ನೇ ಚುಚ್ಚಿತು.

"ಅದಾವ," ಅಂದ ಅವನು. ಸೈಕಲ್ಲು ಜಾರಿತು.

ಗಾಳಿ ಕಿವಿಗೆ ಅಪ್ಪಳಿಸಿತು, ಬೇಲಿಗಳು ಎರಡೂ ಕಡೆಯಿಂದ ಸುಯ್ಯೆಂದು ಹಾದವು. ಎಡಕ್ಕೆ ವಾಲಿದರು, ತಿರುವು ಮುಗಿಯಿತು. ಆಗ ಅವನು ಆ ಗಾಳಿಯನ್ನೂ ಸೀಳುವಂತೆ, ಗಂಟಲು ಹರಿದುಹೋಗುವಂತೆ ಕೂಗಿದ.

"ತಗ್ಗು!"

ಅವಳು ಎದ್ದು ನಿಂತಳು. ಹಲ್ಲು ಕಚ್ಚಿ, ಮೊಣಕಾಲು ಸಡಿಲಬಿಟ್ಟು, ಏಟಿಗಾಗಿ ಕಾದಳು.

ಏಟು ಬೀಳಲಿಲ್ಲ. ಚಕ್ರ ನುಣ್ಣನೆಯ ಡಾಂಬರಿನ ಮೇಲೆ ಸದ್ದಿಲ್ಲದೆ ಹಾದುಹೋಯಿತು. ಇಳಿಜಾರು ಮುಗಿದು ರಸ್ತೆ ಸಮವಾಯಿತು, ಸೈಕಲ್ಲು ನಿಧಾನವಾಗಿ ನಿಂತಿತು. ಎಲ್ಲೋ ದೂರದಲ್ಲಿ ಕುರಿಗಳು ಕೂಗುತ್ತಿದ್ದವು.

"ಗುಂಡಿ ಇರ್ಲಿಲ್ವಲ್ಲ?" ಅಂದಳು ಅವಳು, ಅವನ ಬೆನ್ನಿಗೆ ಹಣೆ ಒರಗಿಸಿ.

"ಯಾವಾಗೋ ಮುಚ್ಯಾರ. ಆದ್ರೂ ಹೇಳಬೇಕಾಗಿತ್ತು." ಅವನ ಬೆನ್ನು ಅಳುತ್ತಿತ್ತು. "ಭಾಳ ತಡ ಆತು, ಸಮೀಕ್ಷಾ."

"ಕೇಳಿಸ್ತು," ಅಂದಳು ಅವಳು.